ಮೊದಲ ಹತ್ತು ಸೆಂಟಿಮೀಟರ್ ಇಲ್ಲದ ಟೇಪು

ಬಂದೇನವಾಜ್ ಸರ್ ಅವರನ್ನು ನಾನು ಮೊದಲು ನೋಡಿದ್ದು ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ಕಲಬುರಗಿಗೆ ಹತ್ತಿದ ಕಪನೂರಿನ ಒಂದು ಕಾರ್ಖಾನೆಯಲ್ಲಿ. ತೊಗರಿ ಬೇಳೆ ಮಾಡುವ ಮಿಲ್ಲುಗಳಿಗೆ ಯಂತ್ರ ತಯಾರಿಸುವ ಕಾರ್ಖಾನೆ ಅದು. ಅಲ್ಲಿನ ಡಿಸೈನ್ ವಿಭಾಗಕ್ಕೆ ಒಬ್ಬ ಎಂಜಿನಿಯರ್ ಬೇಕಾಗಿತ್ತು. ಸಂದರ್ಶನಕ್ಕೆ ಒಂಬತ್ತು ಜನ ಬಂದಿದ್ದೆವು. ಎಂಟು ಹುಡುಗರು, ನಾನೊಬ್ಬಳು. ಹುಡುಗರೆಲ್ಲ ಇಸ್ತ್ರಿ ಮಾಡಿದ ಅಂಗಿ, ಕಪ್ಪು ಬೂಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಕಮಲಾಪುರದ ಹತ್ತಿರದ ನಮ್ಮ ಊರಿನಿಂದ ಮೊದಲ ಬಸ್ಸಿಗೆ ಬಂದು, ಗೇಟಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಬೆಂಚಿನ ತುದಿಯಲ್ಲಿ ಕೂತಿದ್ದೆ. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲಿತ್ತು. ಪ್ರತಿ ಮಾರ್ಕ್ಸ್ ಕಾರ್ಡಿನ ಆರಾರು ಝೆರಾಕ್ಸ್ ಮಾಡಿಸಿಕೊಂಡು ಬಂದಿದ್ದೆ. ಎಷ್ಟು ಬೇಕಾಗುತ್ತವೆಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು.

ಒಳಗೆ ಹೋದವರು ಎರಡೇ ನಿಮಿಷಕ್ಕೆ ಹೊರಗೆ ಬರುತ್ತಿದ್ದರು. ನಾಲ್ಕನೆಯವನನ್ನು ಕೇಳಿದೆ.

"ಏನ್ ಕೇಳ್ತಾರ್ರೀ ಒಳಗ?"

"ಏನೂ ಇಲ್ಲ. ಟೇಬಲ್ ಅಳೀ ಅಂತಾರ. ಇದಕ್ಕ ನಾಕು ವರ್ಷ ಎಂಜಿನಿಯರಿಂಗ್ ಓದಬೇಕಾಗಿತ್ತೇನು?"

ಎಲ್ಲರಿಗಿಂತ ಕೊನೆಗೆ ನನ್ನ ಸರದಿ ಬಂತು. ತೆಳ್ಳಗಿನ, ಐವತ್ತೆಂಟು ಅರವತ್ತರ ವಯಸ್ಸಿನವರೊಬ್ಬರು ಕೂತಿದ್ದರು. ಕತ್ತರಿಸಿದ ಬಿಳಿ ಗಡ್ಡ, ಒಂದು ಕಡ್ಡಿಗೆ ಬದಲು ದಾರ ಕಟ್ಟಿದ ಕನ್ನಡಕ, ಜೇಬಿನಲ್ಲಿ ನೀಲಿ ಪೆನ್ನೊಂದು, ಕೆಂಪು ಪೆನ್ನೊಂದು. ಮುಂದೆ ತೆರೆದಿಟ್ಟ ನೋಟ್‌ಬುಕ್ಕು, ಅದರ ಮೇಲೆಯೇ ಚಹದ ಗಾಜಿನ ಲೋಟ. ಅವರು ನನ್ನ ಫೈಲನ್ನು ಮುಟ್ಟಲಿಲ್ಲ. ಒಂದು ಹಳೆಯ ಉಕ್ಕಿನ ಟೇಪನ್ನು ನನ್ನ ಕಡೆ ತಳ್ಳಿದರು.

"ಈ ಟೇಬಲ್ ಉದ್ದ ಎಷ್ಟದ, ಹೇಳವ್ವ."

ನಾನು ಅಳೆದೆ. "ನೂರಾ ಮೂವತ್ತೆರಡು ಸೆಂಟಿಮೀಟರ್ ಸರ್."

"ಬರಕೊಂಡೆ. ನೀ ಹೋಗಬಹುದು."

ಎದ್ದು ನಿಂತೆ, ಆದರೆ ಹೋಗಲು ಮನಸ್ಸಾಗಲಿಲ್ಲ. ಟೇಬಲ್ಲು ಕಣ್ಣಿಗೆ ಅಷ್ಟು ಉದ್ದ ಕಾಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಟೇಪು ಎಂಬುದೇ ಇಲ್ಲ. ಕೌದಿಯಿಂದ ಹಿಡಿದು ಕದದವರೆಗೆ ಅವ್ವ ಎಲ್ಲವನ್ನೂ ಗೇಣಿನಲ್ಲಿ ಅಳೆಯುತ್ತಾಳೆ. ನಾನು ಫೈಲನ್ನು ಕುರ್ಚಿಯ ಮೇಲಿಟ್ಟು ಟೇಬಲ್ಲಿನ ಮೇಲೆ ಕೈ ಅಗಲಿಸಿದೆ.

"ಏನ್ ಮಾಡಾಕತ್ತೀಯವ್ವ?"

"ಗೇಣು ಹಾಕಾಕತ್ತೀನ್ರಿ ಸರ್. ನನ್ನ ಗೇಣು ಹತ್ತೊಂಬತ್ತು ಸೆಂಟಿಮೀಟರ್ ಅದರಿ, ಕಾಲೇಜಿನ ಲ್ಯಾಬಿನ್ಯಾಗ ನೋಡಿಕೊಂಡೀನಿ. ಇದು ಆರು ಗೇಣು, ಮ್ಯಾಲ ನಾಕು ಬೆರಳು. ನೂರಾ ಇಪ್ಪತ್ತೆರಡರ ಮ್ಯಾಲ ಹೋಗಂಗಿಲ್ರಿ. ನಿಮ್ಮ ಟೇಪ್ ಸುಳ್ಳು ಹೇಳಾಕತ್ತದ."

ಕೆಲಸ ಕೇಳಲು ಬಂದವಳು ಸಾಹೇಬರ ಟೇಪು ಸುಳ್ಳು ಎಂದಿದ್ದೆ. ಅವರು ಕನ್ನಡಕ ತೆಗೆದರು, ನನ್ನನ್ನು ನೋಡಿದರು, ಆಮೇಲೆ ಕೆಮ್ಮು ಬರುವವರೆಗೆ ನಕ್ಕರು.

"ಟೇಪ್ ಸುಳ್ಳು ಹೇಳಂಗಿಲ್ಲ ಬೇಟಾ. ಅದರ ಮೂಗು ಮುರದದ, ಅಷ್ಟೇ."

ಟೇಪಿನ ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಅದು ಸೊನ್ನೆಯಿಂದ ಶುರುವಾಗುತ್ತಿರಲಿಲ್ಲ. ಮೊದಲ ಹತ್ತು ಸೆಂಟಿಮೀಟರ್ ಮುರಿದು ಹೋಗಿತ್ತು. ತುದಿಯಲ್ಲೇ ಹತ್ತು ಎಂದಿತ್ತು. ಅದರಿಂದ ಅಳೆದರೆ ಏನೇ ಅಳೆಯಲಿ, ಬಂದ ಅಂಕಿಯಿಂದ ಹತ್ತು ತೆಗೆಯಬೇಕು.

"ಎಂಟು ಮಂದಿ ಬಂದು ಹೋದ್ರು. ಒಬ್ಬನೂ ಟೇಪಿನ ಮುಖ ನೋಡ್ಲಿಲ್ಲ."

"ನಾನೂ ನೋಡ್ಲಿಲ್ರಿ ಸರ್."

"ಹೌದು, ನೀನೂ ನೋಡ್ಲಿಲ್ಲ. ಆದ್ರ ಟೇಬಲ್ ನೋಡಿದಿ. ನಾಳಿಂದ ಬಾ. ಆ ಝೆರಾಕ್ಸ್ ಎಲ್ಲಾ ವಾಪಸ್ ಒಯ್ಯಿ, ಇಲ್ಲಿ ಇಡಲಿಕ್ಕೆ ಜಾಗಾ ಇಲ್ಲ."

ಹೀಗೆ ನಾನು ಎಂಜಿನಿಯರ್ ಆದೆ.

ಆ ಟೇಪು ಮುರಿದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ಒಂದು ಮಿಲ್ಲಿನ ಬೆಲ್ಟಿಗೆ ಸಿಕ್ಕಿ. ಸರ್ ಅದನ್ನು ಬದಲಿಸಲಿಲ್ಲ. ನಮ್ಮ ಮ್ಯಾನೇಜರ್ ವಿಜಯೀಂದ್ರ ಅವರು ಮನೆಯಲ್ಲಿ ಮರಾಠಿ, ಆಫೀಸಿನಲ್ಲಿ ಕನ್ನಡ ಮಾತಾಡುವ, ಬಹಳ ಅಚ್ಚುಕಟ್ಟಿನ ಮನುಷ್ಯ. ಪ್ರತಿ ವರ್ಷ ಆಯುಧ ಪೂಜೆಯ ದಿನ ಒಂದು ಹೊಸ ಟೇಪಿಗೆ ಕುಂಕುಮ ಹಚ್ಚಿ ಸರ್ ಕೈಗೆ ಕೊಡುತ್ತಿದ್ದರು. ಸರ್ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಸಂಜೆಯೊಳಗೆ ಅದು ಇನ್ಯಾರದೋ ಜೇಬಿನಲ್ಲಿರುತ್ತಿತ್ತು. ವೆಲ್ಡರ್ ಜಾವೀದನ ಬಳಿ ಅಂಥವು ಮೂರು, ನನ್ನ ಬಳಿ ಎರಡು ಇದ್ದವು.

"ಬಂದೇನವಾಜರೇ, ಒಂದು ಸಲ ಆದ್ರೂ ಪೂರಾ ಟೇಪಿನಿಂದ ಅಳೀರಿ" ಎಂದು ವಿಜಯೀಂದ್ರ ಅವರು ಬೇಡಿಕೊಳ್ಳುತ್ತಿದ್ದರು.

"ಪೂರಾ ಟೇಪ್ ಇದ್ದಂವ ನಂಬರ್ ನೋಡ್ತಾನ, ಬರೀತಾನ, ಹೋಗ್ತಾನ. ನಾ ಪ್ರತಿ ಸಲ ನಿಂತು ಹತ್ತು ತೆಗೀಬೇಕು. ಹತ್ತು ತೆಗೆಯೋ ಹೊತ್ತಿನ್ಯಾಗ ತಲಿ ಕೆಲಸಕ್ಕ ಬರ್ತದ."

"ಉಸ್ತಾದ್, ಹತ್ತು ತೆಗೀಲಿಕ್ಕೇ ಮರೆತ್ರ?" ಎಂದು ಜಾವೀದ್ ಕೆಣಕುತ್ತಿದ್ದ.

"ಅದಕ್ಕೇ ಗೋಲ್ ಹಾಕೋದು ನಾಲಾಯಕ್."

ಗೋಲ್ ಎಂದರೆ ಅಂಕಿಯ ಸುತ್ತ ಕೆಂಪು ಪೆನ್ನಿನಿಂದ ಎಳೆದ ದುಂಡನೆಯ ಗೆರೆ. ಸರ್ ನೋಟ್‌ಬುಕ್ಕಿನಲ್ಲಿ ಮೊದಲು ಟೇಪಿನ ಅಂಕಿಯನ್ನು ಹಾಗೇ ನೀಲಿಯಲ್ಲಿ ಬರೆಯುತ್ತಿದ್ದರು. ಹತ್ತು ತೆಗೆದ ಮೇಲೆ ಹೊಸ ಅಂಕಿ ಬರೆದು, ಅದಕ್ಕೆ ಕೆಂಪು ಗೋಲ್ ಹಾಕುತ್ತಿದ್ದರು. ಗೋಲ್ ಇದ್ದರೆ ಆ ಅಂಕಿಯನ್ನು ನಂಬಬಹುದು, ಇಲ್ಲದಿದ್ದರೆ ಮುಟ್ಟಬಾರದು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾನೂನು ಅದು. ನಾನೂ ಮೊದಲ ವಾರದಲ್ಲೇ ಕಲಿತೆ. ನನ್ನ ಬಳಿ ಪೂರಾ ಟೇಪುಗಳು ಎರಡಿದ್ದರೂ ಗೋಲ್ ಹಾಕದೆ ಯಾವ ಅಂಕಿಯನ್ನೂ ಬಿಡುತ್ತಿರಲಿಲ್ಲ.

ಸರ್ ಪಾಠ ಹೇಳುವ ಕ್ರಮ ಮೂರೇ ಶಬ್ದದ್ದು: "ಹೋಗಿ ನೋಡಿ ಬಾ." ಈ ಬೋಲ್ಟ್ ಯಾವ ಸೈಜಿನದು ಸರ್? ಹೋಗಿ ನೋಡಿ ಬಾ. ಈ ಜರಡಿ ಯಾಕೆ ಅಲುಗುತ್ತದೆ ಸರ್? ಹೋಗಿ ನೋಡಿ ಬಾ. ಮೊದಲ ವರ್ಷ ನನ್ನ ಚಪ್ಪಲಿ ಮೂರು ಜೊತೆ ಸವೆದವು. ಒಂದು ದಿನ ಬೇಸತ್ತು ಶೆಡ್ಡಿನಿಂದಲೇ ಫೋನ್ ಮಾಡಿ, "ಸರ್, ನೀವು ಕ್ಯಾಬಿನ್ನಿನ್ಯಾಗ ಇದ್ದೀರೇನ್ರಿ?" ಎಂದು ಕೇಳಿದೆ. "ಬಂದು ನೋಡು" ಎಂದು ಫೋನ್ ಇಟ್ಟರು.

ನಮ್ಮ ಅಪ್ಪ ಒಮ್ಮೆ ಮಗಳ ಆಫೀಸು ನೋಡಲು ಬಂದಿದ್ದ. ಒಳಗೆ ಬರಲು ನಾಚಿ ಗೇಟಿನ ಬಳಿಯೇ ನಿಂತಿದ್ದ. ಸರ್ ಅವನ ಕೈ ಹಿಡಿದು ಕರೆತಂದು, ಹೊಟ್ಟು ಬೇರ್ಪಡಿಸುವ ಹೊಸ ಯಂತ್ರದ ಮುಂದೆ ನಿಲ್ಲಿಸಿ, "ನೀವು ಹುಟ್ಟಿದಾಗಿಂದ ತೊಗರಿ ತೂರಿದವರು. ಇದರಾಗ ಏನ್ ತಪ್ಪದ ಹೇಳ್ರಿ" ಎಂದರು. ಅಪ್ಪ ಯಂತ್ರದ ಸುತ್ತ ಎರಡು ಸಲ ತಿರುಗಿ, "ಹೊಟ್ಟು ನಿಂತವರ ಮಾರಿಗೇ ಬರ್ತದಲ್ರಿ ಸಾಹೇಬ್ರ" ಎಂದ. ಮರುದಿನ ಗಾಳಿಯ ಬಾಯಿ ಇನ್ನೊಂದು ದಿಕ್ಕಿಗೆ ತಿರುಗಿತು. ಇಂದಿಗೂ ಅಪ್ಪ ಊರಲ್ಲಿ ಆ ಯಂತ್ರ ತಾನೇ ಮಾಡಿಸಿದ್ದು ಎಂದು ಹೇಳುತ್ತಾನೆ.

ಕಾರ್ಖಾನೆಯಲ್ಲಿ ಇಷ್ಟು ಎಚ್ಚರದ ಮನುಷ್ಯ ಮನೆಯಲ್ಲಿ ಗೋಲ್ ಹಾಕುತ್ತಿರಲಿಲ್ಲ. ಅವರ ಮನೆ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ. ಅವರ ಹೆಂಡತಿ ಹಾಜಿರಾ ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಮೊದಲ ಸಲ ರಂಜಾನ್ ಹಬ್ಬಕ್ಕೆ ಹೋದಾಗ ಖಾಲಾ ನನಗೆ ಶೀರ್ ಖುರ್ಮಾ ಕೊಡುವ ಮೊದಲು ಮನೆ ತೋರಿಸಿದರು.

"ನೋಡು ಬೇಟಿ, ಇದು ಪರದೆ. ಸೂಪರ್ ಮಾರ್ಕೆಟ್ ಓಣ್ಯಾಗಿನ ದರ್ಜಿ ಕಡೆ ಹೊಲಿಸ್ಯಾರ. ಅರ್ಧ ನೆಲಾ ಒರಸ್ತದ. ಇದು ಅಲ್ಮಾರಿ. ಗೋಡಿ ಗೂಡಿನ್ಯಾಗ ಕೂಡ್ಲಿಲ್ಲ, ಹತ್ತು ಸೆಂಟಿಮೀಟರ್ ಹೊರಗ ನಿಂತದ, ದಿನಾ ನನ್ನ ಮೊಣಕೈಗೆ ಬಡೀತದ. ಇದು ಮಂಚ. ಬಾಗಲಾಗ ಹಿಡೀಲಿಲ್ಲ. ಚೌಕಟ್ಟು ಕಿತ್ತು ಒಳಗ ತಂದ್ರು. ಈ ಮನ್ಯಾಗ ಎಲ್ಲಾ ಹತ್ತು ಜಾಸ್ತಿ. ಸಾಹೇಬರ ಬುದ್ಧಿ ಒಂದೇ ಹತ್ತು ಕಮ್ಮಿ."

ಸರ್ ಸೋಫಾದಲ್ಲಿ ಕೂತು ಪೇಪರ್ ಓದುತ್ತಿದ್ದರು. "ಎಂಟು ತಾಸು ಕಾರ್ಖಾನ್ಯಾಗ ನೆನಪಿಡ್ತೀನಿ. ಮನ್ಯಾಗೂ ಇಡು ಅಂದ್ರ ಹ್ಯಾಂಗ?" ಎಂದರು, ಪೇಪರ್ ಕೆಳಗಿಳಿಸದೆ.

ಕಳೆದ ಫೆಬ್ರವರಿಯ ಒಂದು ಗುರುವಾರ ಸರ್ ಕಮಲಾಪುರಕ್ಕೆ ಹೋಗಿ ಪಾರ್ವತೀಬಾಯಿ ಎಂಬವರ ಹೊಸ ಮಿಲ್ಲಿನ ಅಳತೆ ತೆಗೆದುಕೊಂಡು ಬಂದರು. ನನಗೆ ಜ್ವರ, ಜೊತೆಗೆ ಹೋಗಿರಲಿಲ್ಲ. ಅಲ್ಲಿಗೆ ಒಂದು ಎಲಿವೇಟರ್ ಬೇಕಾಗಿತ್ತು. ಎಲಿವೇಟರ್ ಎಂದರೆ ನೆಲದಿಂದ ತೊಗರಿಯನ್ನು ಸಣ್ಣ ಬಕೆಟ್ಟುಗಳಲ್ಲಿ ಮೇಲಕ್ಕೆ ಒಯ್ದು ಯಂತ್ರದ ಬಾಯಿಗೆ ಸುರಿಯುವ, ಕಂಬದಂಥ ಕಬ್ಬಿಣದ ಪೆಟ್ಟಿಗೆ. ಶೆಡ್ಡಿನ ತೊಲೆಯ ಕೆಳಗೆ ಅದು ನಿಲ್ಲಬೇಕು. ಶುಕ್ರವಾರ, ಶನಿವಾರ ಕೂತು ಸರ್ ಕೈಯಿಂದಲೇ ನಕ್ಷೆ ಬರೆದು ಮುಗಿಸಿದರು. ಭಾನುವಾರ ನಸುಕಿನ ಫಜರ್ ನಮಾಜಿಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಖಬರಸ್ತಾನಕ್ಕೆ ನಾನು ಹೋಗುವ ಹಾಗಿರಲಿಲ್ಲ, ಖಾಲಾ ಬಳಿ ಕೂತಿದ್ದೆ. ಅಲ್ಲಿ ನಡೆದದ್ದನ್ನು ಜಾವೀದ್ ಆಮೇಲೆ ಹೇಳಿದ. ಗೋರಿ ತೋಡುವ ಮುದುಕ ತಾನು ಕಣ್ಣಳತೆಯಲ್ಲೇ ನಲವತ್ತು ವರ್ಷ ತೋಡಿದ್ದೇನೆ ಎಂದನಂತೆ. ಜಾವೀದ್ ಒಪ್ಪಲಿಲ್ಲ. ಉಸ್ತಾದರಿಗೆ ಅಂದಾಜಿನ ಕೆಲಸ ಆಗುತ್ತಿರಲಿಲ್ಲ ಎಂದು, ಸರ್ ಅಂಗಿಯ ಜೇಬಿನಲ್ಲಿದ್ದ ಅದೇ ಟೇಪಿನಿಂದ ಮನೆಯಲ್ಲೇ ಅವರ ಉದ್ದ ಅಳೆದುಕೊಂಡು ಹೋಗಿದ್ದ ಅಂಕಿ ಹೇಳಿದ.

"ಮಣ್ಣು ಕೊಡೋ ಹೊತ್ತಿಗೆ ನೋಡ್ತೀನಿ, ಕಾಲಕಡೆ ಜಾಗಾ ಉಳದದ ಅಕ್ಕಾ" ಎಂದ ಅವನು. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. "ಹತ್ತು ತೆಗೀಲಿಕ್ಕೆ ಮರ್ತೆ."

ಒಳಗಿನಿಂದ ಖಾಲಾ ಕೇಳಿಸಿಕೊಂಡರು. "ಇರಲಿ ಬಿಡು" ಎಂದರು. "ಅವರಿಗೆ ರೂಢಿ ಅದ." ಆಮೇಲೆ ಟೇಪನ್ನು ತಂದು ನನ್ನ ಕೈಯಲ್ಲಿಟ್ಟರು. "ನೀ ಒಯ್ಯಿ ಬೇಟಿ. ಈ ಮನ್ಯಾಗ ಇದರಿಂದ ಆದದ್ದು ಸಾಕು."

ವಿಜಯೀಂದ್ರ ಅವರು ಎರಡು ದಿನ ಊಟ ಮಾಡಲಿಲ್ಲ. ಇಪ್ಪತ್ತೆರಡು ವರ್ಷ ಇಬ್ಬರೂ ದಿನಕ್ಕೊಮ್ಮೆ ಜಗಳಾಡಿದವರು. ಸರ್ ಅವರ ಫೋಟೊ ಹಾಕಿ ಹಾರ ಹಾಕುವುದು ಅವರ ಮನೆಯವರಿಗೆ ಸರಿಹೋಗದು ಎಂದು ತಿಳಿದು, ಕೊನೆಯ ನಕ್ಷೆಯನ್ನು ಲ್ಯಾಮಿನೇಶನ್ ಮಾಡಿಸಿ ಆಫೀಸಿನ ಗೋಡೆಗೆ ಹಾಕಿ, ಅದಕ್ಕೇ ಗಂಧದ ಹಾರ ಹಾಕಿದರು. ಎಲ್ಲರನ್ನೂ ಕರೆದು ಹೇಳಿದರು:

"ಇದು ಬಂದೇನವಾಜರ ಕಡೀ ಮಷೀನ್. ಒಂದು ಗೆರಿನೂ ಆಚೀಚೆ ಆಗಬಾರದು. ಬರೋ ಸೋಮವಾರ ಕಬ್ಬಿಣದ ಪತ್ರಾ ಕಟ್ ಮಾಡಬೇಕು. ಸಾಬಮ್ಮ, ನೀ ನಿಂತು ಮಾಡಿಸು. ಈ ಮಷೀನ್ ಛಲೋ ನಿಂತ್ರ ಅವರ ಟೇಬಲ್ ನಿನಗ. ಇಲ್ಲಂದ್ರ ಹೊರಗಿಂದ ಯಾರನ್ನರ ಕರೀಬೇಕಾಗ್ತದ."

ಶನಿವಾರ ಕಟಿಂಗ್ ಪಟ್ಟಿ ಮಾಡಲು ಸರ್ ನೋಟ್‌ಬುಕ್ಕು ತೆರೆದೆ. ನೆಲದಿಂದ ತೊಲೆಯವರೆಗೆ 460. ಮೇಲೆ ಐದು ಸೆಂಟಿಮೀಟರ್ ಸಂದು ಬಿಟ್ಟು ಸರ್ ಎಲಿವೇಟರನ್ನು 455ಕ್ಕೆ ಬರೆದಿದ್ದರು. ಲೆಕ್ಕ ಸರಿ. ಆದರೆ 460 ನೀಲಿಯಲ್ಲಿತ್ತು. ಪಕ್ಕದಲ್ಲಿ ಬೇರೆ ಅಂಕಿ ಇರಲಿಲ್ಲ. ಅದರ ಸುತ್ತ ದುಂಡನೆಯದೊಂದು ಗೆರೆಯೇನೋ ಇತ್ತು. ಅದು ಕೆಂಪಾಗಿರಲಿಲ್ಲ, ಕಂದು ಬಣ್ಣದ್ದಾಗಿತ್ತು.

ನಾನು ನೋಟ್‌ಬುಕ್ಕನ್ನು ವಿಜಯೀಂದ್ರ ಅವರ ಮುಂದೆ ಇಟ್ಟೆ. "ಸರ್, ಇದು ಗೋಲ್ ಅಲ್ರಿ. ಚಹದ ಲೋಟದ ಕಲಿ. ಹತ್ತು ತೆಗೆದಂಗ ಕಾಣೋದಿಲ್ಲ."

"ಅರೇ ದೇವಾ! ಕೆಂಪು ಶಾಯಿ ಮಾಸೇದ."

"ಒಂಬತ್ತು ದಿನದಾಗ ಮಾಸ್ತದೇನ್ರಿ?"

ಅಲ್ಲೇ ನಿಂತಿದ್ದ ಜಾವೀದ್ ಪುಟವನ್ನು ಮೂಗಿಗೆ ಹಿಡಿದು ಮೂಸಿದ. "ಶುಂಠಿ ಅದರಿ ಮ್ಯಾನೇಜರ್ ಸಾಬ್."

"ಇರ್ಲಿ. ಅವರ ಪೆನ್ನಿನ್ಯಾಗೂ ಶುಂಠಿ ಇರ್ತಿತ್ತು!" ವಿಜಯೀಂದ್ರ ಅವರ ಕಣ್ಣು ತುಂಬಿದ್ದವು. "ಇಪ್ಪತ್ತೆರಡು ವರ್ಷದಾಗ ಕಾರ್ಖಾನ್ಯಾಗ ಒಂದೇ ಒಂದು ಸಲ ತಪ್ಪಿದ್ದಿಲ್ಲ ಆ ಮನುಷ್ಯ. ಸತ್ತು ಒಂದು ವಾರ ಆಗಿಲ್ಲ, ಅವರ ಅಳತಿ ಪರೀಕ್ಷಾ ಮಾಡಲಿಕ್ಕೆ ನಿಂತೀಯಲ್ಲ ಸಾಬಮ್ಮ. ನಿನಗೇ ಕೆಲಸಾ ಕಲಿಸ್ಯಾರ."

ನಾನು ನೋಟ್‌ಬುಕ್ಕು ಮುಚ್ಚಿ ಎತ್ತಿಕೊಂಡೆ. ಅವರ ಸಂಕಟ ನನಗೆ ತಿಳಿಯುತ್ತಿತ್ತು, ನನ್ನದೂ ಅದೇ ಆಗಿತ್ತು. ಆದರೆ ಅಳತೆ ತಪ್ಪಿದ್ದರೆ ಆ ಪೆಟ್ಟಿಗೆ ತೊಲೆಗೆ ಬಡಿಯುತ್ತದೆ. ಉದ್ಘಾಟನೆಗೆ ಪಾರ್ವತೀಬಾಯಿ ಇಡೀ ಕಮಲಾಪುರವನ್ನು ಕರೆದಿದ್ದರು. ಬಂದೇನವಾಜರ ಕೊನೆಯ ಯಂತ್ರ ಒಳಗೆ ಹಿಡಿಯಲಿಲ್ಲವಂತೆ ಎಂದು ಜನ ನಗುತ್ತಾರೆ, ಮಂಚದ ಹಾಗೆ. ಅದು ನನಗೆ ಬೇಡವಾಗಿತ್ತು. ಸರ್ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂಬುದೂ ಗೊತ್ತಿತ್ತು. ಹೋಗಿ ನೋಡಿ ಬಾ.

ಭಾನುವಾರ ಯಾರಿಗೂ ಹೇಳದೆ ಕಮಲಾಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಸರ್ ಟೇಪನ್ನೇ ಇಟ್ಟುಕೊಂಡಿದ್ದೆ. ಅವರ ಅಳತೆಯನ್ನು ಬೇರೆ ಟೇಪಿನಿಂದ ಪರೀಕ್ಷಿಸುವುದು ಅವಮಾನ ಅನಿಸಿತ್ತು.

ಪಾರ್ವತೀಬಾಯಿಗೆ ಅರವತ್ತು ದಾಟಿದೆ. ಗಟ್ಟಿ ದನಿ, ಗಟ್ಟಿ ಕೈ. ನಾನು ಏಣಿ ಹತ್ತಿದೆ. ಅವರು ಕೆಳಗೆ ಕೂತು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದರು.

"ಒತ್ತಿ ಹಿಡದೀರೇನ್ರಿ ಬಾಯಿ?"

"ನಾ ಹಿಡಿದ್ರ ಹಿಡದಂಗವ್ವ. ನೀ ಮ್ಯಾಲ ಬೀಳದಂಗ ನೋಡ್ಕೋ."

ತೊಲೆಯ ಕೆಳಗೆ ಅಂಕಿ ಓದಿದೆ. 460. ಇನ್ನೊಮ್ಮೆ ಓದಿದೆ. 460.

ಏಣಿಯ ಮೇಲೆಯೇ ನನಗೆ ಅಳು ಬಂತು. ಸರ್ ತಪ್ಪಿರಲಿಲ್ಲ. ಶುಂಠಿ ಮೂಸಿ, ಚಹದ ಕಲೆ ತೋರಿಸಿ ಅವರನ್ನು ಅನುಮಾನಿಸಿದ್ದು ನಾವು. ಕೆಳಗಿಳಿದವಳೇ ವಿಜಯೀಂದ್ರ ಅವರಿಗೆ ಫೋನ್ ಮಾಡಿ, ಹೇಳದೆ ಬಂದದ್ದಕ್ಕೆ ಕ್ಷಮೆ ಕೇಳಿ, "ಸರ್ ಅಳತಿ ಕರೆಕ್ಟ್ ಅದರಿ! ನಾನೂರಾ ಅರವತ್ತೇ!" ಎಂದೆ.

"ನಾ ಹೇಳಿಲ್ಲೇನು? ಶಾಭಾಸ್. ಈಗ ಸುಮ್ಮನ ಮನೀಗಿ ಹೋಗು" ಎಂದರು. ಪಾರ್ವತೀಬಾಯಿ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಕೊಟ್ಟರು. ಎರಡು ತಿಂದೆ, ನಾಲ್ಕು ಚೀಲಕ್ಕೆ ಹಾಕಿದರು. ಎಷ್ಟೋ ದಿನದ ಮೇಲೆ ಹಸಿವಾಗಿತ್ತು.

ಕಲಬುರಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನೋಟ್‌ಬುಕ್ಕು ತೆರೆದು, ಆ ದಿನದ ಅಳತೆಗೆ ಗೋಲ್ ಹಾಕೋಣವೆಂದು ಕೆಂಪು ಪೆನ್ನು ತೆಗೆದೆ. 460ರ ಸುತ್ತ ಪೆನ್ನು ಇಡಬೇಕು, ಕೈ ನಿಂತಿತು.

ನಾನು ಅಳೆದದ್ದು ಸರ್ ಟೇಪಿನಿಂದ. ತುದಿ ಹಿಡಿದದ್ದು ಪಾರ್ವತೀಬಾಯಿ. ನಾನು ಮೇಲಿನ ಅಂಕಿಯನ್ನಷ್ಟೇ ನೋಡಿದ್ದೆ. ಹತ್ತು ತೆಗೆದಿರಲಿಲ್ಲ.

ಸಂದರ್ಶನದ ದಿನ ಹೊರಗೆ ಬಂದ ಎಂಟು ಹುಡುಗರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬಸ್ಸು ಮಹಾಗಾಂವ ಕ್ರಾಸಿಗೆ ನಿಂತಿತ್ತು. ನಾನು ಎದ್ದು ಓಡಿದೆ.

"ಏನವ್ವ, ಕಲಬುರಗೀದು ಝೀರೋ ಟಿಕೇಟ್ ತಗೊಂಡು ಇಲ್ಲೇ ಇಳೀತಿ?" ಎಂದ ಕಂಡಕ್ಟರ್.

"ಹತ್ತು ಸೆಂಟಿಮೀಟರ್ ಮರೆತು ಬಂದೀನ್ರಿ ಅಣ್ಣಾ!"

"ಸಾಮಾನು ಮರೆತ್ರ ಬಸ್ಸಿನವರು ಜವಾಬ್ದಾರಿ ಅಲ್ಲ ನೋಡು" ಎಂದು ಸೀಟಿ ಊದಿದ.

ನಾನೂರಾ ಐವತ್ತು ಎಂದು ಅಲ್ಲಿಂದಲೇ ಫೋನ್ ಮಾಡಬಹುದಿತ್ತು. ಆದರೆ ಒಂದು ತಾಸಿನ ಹಿಂದೆ ಅಳುತ್ತ ನಾನೂರಾ ಅರವತ್ತು ಎಂದವಳನ್ನು ಯಾರು ನಂಬುತ್ತಾರೆ? ನನ್ನ ಪುಸ್ತಕದಲ್ಲೂ ಅದೇ ಅಂಕಿ ಇತ್ತು. ಅಂಕಿಯ ಸಹವಾಸವೇ ಬೇಡ, ಆ ಎತ್ತರವನ್ನೇ ಕಿತ್ತು ತಂದು ಅವರ ಮುಂದೆ ಇಡಬೇಕು ಅನಿಸಿತು. ಎದುರಿನಿಂದ ಬಂದ ಬಸ್ಸು ಹತ್ತಿದೆ.

ಪಾರ್ವತೀಬಾಯಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. "ಏನವ್ವ, ಬಾಳೆಹಣ್ಣು ಸಾಲಲಿಲ್ಲೇನು?"

"ಬಾಯಿ, ಒಂದು ತಂತಿ ಬೇಕಾಗೇದ್ರಿ. ಐದು ಮೀಟರ್ ಇದ್ರ ಸಾಕು."

"ಹಗ್ಗ ಅದ, ಒಯ್ಯಿ."

"ಹಗ್ಗ ಎಳದ್ರ ಹಿಗ್ಗತದ್ರಿ. ತಂತಿನೇ ಬೇಕು."

ಅವರು ನನ್ನನ್ನು ನೋಡಿದರು, ತಾವು ಬಟ್ಟೆ ಹಾಕುತ್ತಿದ್ದ ತಂತಿಯನ್ನು ನೋಡಿದರು. ಒದ್ದೆ ಸೀರೆಗಳನ್ನು ಒಂದೊಂದಾಗಿ ತೆಗೆದು ನನ್ನ ಹೆಗಲಿಗೆ ಹಾಕಿ, ತಂತಿ ಬಿಚ್ಚಿದರು. ನೆಲದಿಂದ ತೊಲೆಗೆ ಹಿಡಿದು, ಇಕ್ಕಳದಿಂದ ಸರಿಯಾಗಿ ಕತ್ತರಿಸಿದೆವು. ಯಾಕೆಂದು ಕೇಳಿದರು, ನಡೆದದ್ದೆಲ್ಲ ಹೇಳಿದೆ. ಅವರು ಅಲ್ಲೇ ತೊಗರಿ ಚೀಲದ ಮೇಲೆ ಕೂತುಬಿಟ್ಟರು.

"ಅಯ್ಯ ನನ ಶಿವನೇ. ಸಾಹೇಬರು ನಂಬರ್ ಬರದು ಕೆಂಪು ಪೆನ್ನು ತಗದಿದ್ರವ್ವ. ನಾನೇ ಚಾ ತಂದು, ಆರ್ತದ ಮೊದಲ ಕುಡೀರಿ ಅಂದೆ. ಪೆನ್ನು ಜೇಬಿಗೆ ಹಾಕಿ, ಲೋಟಾ ಬುಕ್ಕಿನ ಮ್ಯಾಲೇ ಇಟ್ರು. ಚಾ ಭಾಳ ಛಲೋ ಆಗ್ಯಾದ, ಇನ್ನೊಂದು ಹಾಕ್ರಿ ಅಂದ್ರು. ನಾ ಹಾಕಿದೆ."

ಅಂದರೆ ಚಹ ಕುಡಿದು ಮುಗಿಸಿ ನೋಡುವಾಗ ಅಂಕಿಯ ಸುತ್ತ ಗೋಲ್ ಬಿದ್ದಿತ್ತು. ಗೋಲ್ ಇದ್ದ ಅಂಕಿಯನ್ನು ಅವರು ನಂಬಿದರು. ಸರ್ ತಮ್ಮ ಕಾನೂನನ್ನು ಕೊನೆಯವರೆಗೂ ಮುರಿದಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ನಾನು ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಹೋದೆ. ಜಾವೀದ್ ಕಟಿಂಗ್ ಮಷೀನಿನ ಬಳಿ ನಿಂತಿದ್ದ. ವಿಜಯೀಂದ್ರ ಅವರು ಊದುಬತ್ತಿ ಹಚ್ಚುತ್ತಿದ್ದರು.

"ಸರ್, ಪತ್ರಾ ಕಟ್ ಮಾಡಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ಸರ್ ಅಳತಿ ತಪ್ಪದರಿ. ಇದು ಕಮಲಾಪುರದ ತೊಲಿ ಎತ್ತರ. ನಿಮ್ಮ ಟೇಪಿನಿಂದ ನೀವೇ ಅಳೀರಿ."

ತಂತಿಯನ್ನು ನೆಲದ ಮೇಲೆ ನೆಟ್ಟಗೆ ಎಳೆದೆ. ವಿಜಯೀಂದ್ರ ಅವರು ಊದುಬತ್ತಿ ಕೆಳಗಿಟ್ಟು, ಡ್ರಾವರಿನಿಂದ ಒಂದು ಟೇಪು ತಂದರು. ಅದಕ್ಕೆ ಆಯುಧ ಪೂಜೆಯ ಕುಂಕುಮ ಇನ್ನೂ ಅಂಟಿತ್ತು. ಮೊಣಕಾಲೂರಿ ಅಳೆದರು. ಆ ತುದಿಯಿಂದ ಒಮ್ಮೆ, ಈ ತುದಿಯಿಂದ ಒಮ್ಮೆ, ಜಾವೀದನಿಂದ ಒಮ್ಮೆ. ಮೂರು ಸಲವೂ ನಾನೂರಾ ಐವತ್ತು.

"ಮತ್ತ ನಿನ್ನೆ ಫೋನಿನ್ಯಾಗ ಅಳಕೋತ ನಾನೂರಾ ಅರವತ್ತು ಅಂದೀಯಲ್ಲ?"

"ಸರ್ ಟೇಪಿನಿಂದ ಅಳೆದಿದ್ದೆರಿ. ನಾನೂ ಹತ್ತು ತೆಗೀಲಿಲ್ಲ."

ಜಾವೀದ್ ಮುಖಕ್ಕೆ ವೆಲ್ಡಿಂಗ್ ಮುಖವಾಡ ಇಳಿಸಿಕೊಂಡ. ಅದರ ಹಿಂದಿನಿಂದ ಅವನ ನಗು ಕೇಳಿಸುತ್ತಿತ್ತು. "ಗೋರಿಗೆ ನಾ, ಮಿಲ್ಲಿಗೆ ಅಕ್ಕಾ. ಉಸ್ತಾದ್ ಶಾಗಿರ್ದರನ್ನ ಭಾಳ ಛಲೋ ತಯಾರ್ ಮಾಡ್ಯಾರ!"

ವಿಜಯೀಂದ್ರ ಅವರು ನಗಲಿಲ್ಲ. ನೆಲದ ಮೇಲೆ ಕೂತೇ ಕೇಳಿದರು. "ಈಗ ಹಾಜಿರಾ ಅವರಿಗೆ ಏನಂತ ಹೇಳೋದು? ಅವರ ಕಡೀ ಡ್ರಾಯಿಂಗ್ ತಿದ್ದಿದ್ವಿ ಅಂತನಾ?"

ನಾನೇ ಖಾಲಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ತೊಲೆ, ಚಹ, ಬಸ್ಸು, ತಂತಿ ಎಲ್ಲ ಹೇಳಿದೆ. ವಿಜಯೀಂದ್ರ ಅವರು ಕೈ ಮುಗಿದು ಫೋನಿನ ಕಡೆ ನೋಡುತ್ತಿದ್ದರು. ಆಮೇಲೆ ಖಾಲಾ ನಗು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಇಡೀ ಶೆಡ್ಡಿಗೆ ಕೇಳುವಷ್ಟು.

"ಯಾ ಅಲ್ಲಾ, ಹತ್ತೇನು? ಹತ್ತು ಅಂದ್ರ ಅವರದೇ ಅಳತಿ ಬೇಟಿ, ಮತ್ಯಾರದೂ ಅಲ್ಲ. ಮ್ಯಾನೇಜರ್ ಸಾಬ್, ಇಪ್ಪತ್ತೆರಡು ವರ್ಷ ನಾ ಹೇಳಿದ್ರ ನೀವು ನಂಬ್ಲಿಲ್ಲ. ನಮ್ಮ ಮನೀಗಿ ಬಂದು ಮಂಚ ನೋಡ್ರಿ." ಮೂಗು ಒರೆಸಿಕೊಂಡ ಸದ್ದಾಯಿತು. "ಬೇಟಿ, ಅವರು ಈಗ ಅಲ್ಲಿದ್ದಿದ್ರ ಏನ್ ಮಾಡ್ತಿದ್ರು?"

"ಹತ್ತು ತೆಗದು ಗೋಲ್ ಹಾಕ್ತಿದ್ರು ಖಾಲಾ."

"ಮತ್ತ ಹಾಕಲ್ಲ. ನನ್ನ ಯಾಕ ಕೇಳ್ತಿ?"

ವಿಜಯೀಂದ್ರ ಅವರು ಎದ್ದು, ಗೋಡೆಯ ಮೇಲಿನ ನಕ್ಷೆಯನ್ನು ಹಾರದ ಸಮೇತ ಇಳಿಸಿ ತಂದು ನನ್ನ ಮುಂದೆ ಇಟ್ಟು, "ತಿದ್ದು" ಎಂದರು. ಕೆಂಪು ಪೆನ್ನು ಇಟ್ಟೆ. ಗೆರೆ ಮೂಡಲಿಲ್ಲ. ಪ್ಲಾಸ್ಟಿಕ್ ಮೇಲೆ ಪೆನ್ನು ಜಾರುತ್ತಿತ್ತು.

"ಲ್ಯಾಮಿನೇಶನ್ ಮಾಡಿಸಿ ಕೆಟ್ಟೆ" ಎಂದರು ಅವರು. ಆಗ ನಕ್ಕರು. ವಾರದಲ್ಲಿ ಅದೇ ಮೊದಲು.

ನಾನು ನಕ್ಷೆಯನ್ನು ಹೊಸದಾಗಿ ಬರೆದೆ. ಎಲಿವೇಟರ್ 445. ಕೆಳಗಿನ ಚೌಕದಲ್ಲಿ, ವಿನ್ಯಾಸ ಬಂದೇನವಾಜ್, ತಿದ್ದುಪಡಿ ಸಾಬಮ್ಮ ಎಂದು ಬರೆದು ಸಹಿ ಮಾಡಿದೆ. ನನ್ನ ಹೆಸರು ನಕ್ಷೆಯೊಂದರ ಮೇಲೆ ಬಿದ್ದದ್ದು ಅದೇ ಮೊದಲು.

ಮಾರ್ಚ್ ಹದಿನಾಲ್ಕರಂದು ಕಮಲಾಪುರದಲ್ಲಿ ಎಲಿವೇಟರ್ ನಿಲ್ಲಿಸಿದೆವು. ಜನ ಕಿಕ್ಕಿರಿದು ನೋಡುತ್ತಿದ್ದರು. ನಮ್ಮ ಅಪ್ಪನೂ ಬಂದಿದ್ದ, ಸುತ್ತ ಇದ್ದವರಿಗೆ ಯಂತ್ರದ ವಿಚಾರ ಹೇಳುತ್ತಿದ್ದ. ಚೈನ್ ಕಪ್ಪಿಯಿಂದ ಪೆಟ್ಟಿಗೆಯನ್ನು ನಿಧಾನಕ್ಕೆ ಎತ್ತಿದಾಗ ವಿಜಯೀಂದ್ರ ಅವರು ಕಣ್ಣು ಮುಚ್ಚಿಕೊಂಡರು. ಅದು ತೊಲೆಯ ಕೆಳಗೆ ಸುಮ್ಮನೆ ಹೋಗಿ ನಿಂತಿತು. ಜಾವೀದ್ ಏಣಿ ಹತ್ತಿ ಸಂದಿನಲ್ಲಿ ಬೆರಳು ಇಟ್ಟು, "ಐದು ಅದ ಉಸ್ತಾದ್!" ಎಂದು ಕೂಗಿದ. ಯಾರನ್ನು ಕೂಗಿದ ಎಂದು ಯಾರೂ ಕೇಳಲಿಲ್ಲ. ಬಕೆಟ್ಟುಗಳು ತೊಗರಿ ಹೊತ್ತು ಮೇಲೆ ಹೋದವು. ಪಾರ್ವತೀಬಾಯಿ ಶುಂಠಿ ಚಹ ತಂದರು. ನಾನು ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ಹಾಕುವವರೆಗೆ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ. ಹಿಂದಿರುಗುವ ಮೊದಲು ಅವರಿಗೆ ಆರು ಮೀಟರ್ ಹೊಸ ತಂತಿ ಕಟ್ಟಿಕೊಟ್ಟು ಬಂದೆವು.

ಹಳೆಯ ನಕ್ಷೆ ಇನ್ನೂ ಆಫೀಸಿನ ಗೋಡೆಯ ಮೇಲಿದೆ, ಹಾರವೂ ಇದೆ. ವಿಜಯೀಂದ್ರ ಅವರು ಎಲ್ಲಿಂದಲೋ ಪ್ಲಾಸ್ಟಿಕ್ ಮೇಲೆ ಬರೆಯುವ ಕೆಂಪು ಪೆನ್ನು ತಂದು, ತಪ್ಪಿದ್ದ ಅಂಕಿಯ ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ಗೋಲ್ ಹಾಕಿದ್ದಾರೆ. ಸಾಬಮ್ಮ ಹಾಕುವ ಗೋಲ್ ಇಷ್ಟು ದುಂಡಗೆ ಬರುವುದಿಲ್ಲ ಎನ್ನುತ್ತಾರೆ. ಪ್ರತಿ ಶನಿವಾರ ಧೂಳು ಒರೆಸುವಾಗ ಅದು ಅಳಿಸಿಹೋಗುತ್ತದೆ, ಸೋಮವಾರ ಅವರೇ ಮತ್ತೆ ಹಾಕುತ್ತಾರೆ.

ಸರ್ ಟೇಬಲ್ಲು ಈಗ ನನ್ನದು, ಉದ್ದ ನೂರಾ ಇಪ್ಪತ್ತೆರಡು ಸೆಂಟಿಮೀಟರ್. ಕಪನೂರಿನ ಅದೇ ಕಾರ್ಖಾನೆಯಲ್ಲಿ ನಾನು ಡಿಸೈನ್ ಎಂಜಿನಿಯರ್ ಆಗಿದ್ದೇನೆ. ಮಿಲ್ಲುಗಳಿಗೆ ಹೋಗಿ ಅಳತೆ ತೆಗೆದುಕೊಂಡು ಬಂದು ಯಂತ್ರಗಳ ನಕ್ಷೆ ಬರೆಯುತ್ತೇನೆ.